ಮಾವನ ಬೆಳ್ಳುಳ್ಳಿ ಎಲೆ, ಮಾವನ ಹೆಬ್ಬೆಟ್ಟು

ನನ್ನ ಸೋದರಮಾವನಿಗೆ ಮನುಷ್ಯರ ಮಾತು ಕಿವಿಗೆ ಬೀಳುವುದಿಲ್ಲ. ಅವರ ಮಾತುಕತೆ ಏನಿದ್ದರೂ ಬೆಳ್ಳುಳ್ಳಿ ಎಲೆಯ ಹತ್ತಿರ! ಉಪ್ಪುಂದದಲ್ಲಿ ಮೀನು ಮಾರಿ ಬದುಕುವ ನನ್ನ ಮನೆಗೇ ಇವರು ಬರಬೇಕಿತ್ತಾ?

ಮೂವತ್ತು ವರ್ಷ ಮುಂಬಯಿಯ ಹೋಟೆಲಿನಲ್ಲಿ ಬೆಳ್ಳುಳ್ಳಿ ಸುಲಿದವರು. ಮದುವೆ ಇಲ್ಲ, ಬೇರೆ ಮನೆ ಇಲ್ಲ. ಇನ್ನು ಬೆಳ್ಳುಳ್ಳಿಯ ಮುಖ ನೋಡಬಾರದು ತಾನೆ? ಇಲ್ಲ! ನನ್ನ ಆರು ಮೀನಿನ ಪೆಟ್ಟಿಗೆಗೆ ಮಣ್ಣು ತುಂಬಿಸಿ ಊಟಿಯದ್ದು, ಗದಗದ್ದು, ಹಿಮಾಚಲದ್ದು ಅಂತ ಬೆಳ್ಳುಳ್ಳಿ ಊರಿದರು. ನಮ್ಮ ಸೆಕೆಗೆ ಗಡ್ಡೆ ಕಟ್ಟುತ್ತದಾ?

"ಗಡ್ಡಿ ಯಾರಿಗ್ ಬೇಕಾ? ಮೂವತ್ ವರ್ಷ ಗಡ್ಡಿಯೇ ಕಂಡದ್. ಎಲಿ ಒಂದಿನವೂ ಕಾಣ್ಲಿಲ್ಲ."

"ನನ್ ಮೀನ್ ಎಲ್ಲಿ ಹಾಕುದ್?"

"ಬಕೇಟಿಗ್ ಹಾಕಾ."

ಸಾಲದ್ದಕ್ಕೆ ನನ್ನ ತಂಗಿಯ ನೈಲ್ ಪಾಲಿಶ್ ಕದ್ದರು. ಅದನ್ನು ಎಲೆಗೆ ಹಚ್ಚಿ, ಒಣಗಿಸಿ, ಮೇಲೆ ಟೇಪ್ ಅಂಟಿಸಿ ಎಳೆದು, ಮೊಬೈಲಿಗೆ ಸಿಕ್ಕಿಸುವ ಲೆನ್ಸಿನಲ್ಲಿ ನೋಡುತ್ತಾ ಕೂತರು.

"ಎಲಿ ಅಚ್ಚ್ ಬಿತ್ತ್ ಕಾಣ್! ಈ ಸಣ್ ಸಣ್ದೆಲ್ಲ ಎಲಿ ಉಸ್ರಾಡು ಬಾಯಿ. ಎರಡೂ ಬದಿಗ್ ಇತ್ತ್. ಊಟಿದ್ದ್ ಅಗಲ ಎಲಿ, ಮೇಲ್ ಮೇಣ ದಪ್ಪ, ಬಿಸ್ಲಿಗೂ ಬಗ್ಗುದಿಲ್ಲ. ಗದಗದ್ದ್ ಸಪೂರ, ಹನ್ನೊಂದ್ ಗಂಟಿಗೇ ಬಾಯಿ ಮುಚ್ಚತ್ತ್."

"ನಿಮ್ ಬಾಯಿ ಯಾವಾಗ ಮುಚ್ಚತ್ತ್ ಮಾವ?" ಅಂದಳು ತಂಗಿ, ಖಾಲಿ ಬಾಟಲಿ ಹಿಡಿದುಕೊಂಡು.

ಇಷ್ಟನ್ನೂ ಸಹಿಸಿದೆ. ಆದರೆ ರೇಷನ್ ಕಾರ್ಡಿನಲ್ಲಿ ಹೆಸರು ಉಳಿಯಬೇಕಾದರೆ ಮನೆಯವರೆಲ್ಲ ಬಂದು ಬೆರಳು ಒತ್ತಬೇಕಂತೆ. ಮೂರು ದಿನ ವ್ಯಾಪಾರ ಬಿಟ್ಟು ಮಾವನನ್ನು ರೇಷನ್ ಅಂಗಡಿಗೆ ಕರೆದುಕೊಂಡು ಹೋದೆ. ಹತ್ತು ಬೆರಳೂ ಒತ್ತಿಸಿದರು. ಮಿಷಿನ್ ಒಂದನ್ನೂ ತೆಗೆದುಕೊಳ್ಳಲಿಲ್ಲ. ಬೆಳ್ಳುಳ್ಳಿಯ ಖಾರ ಗೆರೆಗಳನ್ನೆಲ್ಲ ತಿಂದು ಹಾಕಿತ್ತು!

"ನಾಳೆ ಕಡೆ ದಿನ. ಇಲ್ದಿದ್ರೆ ಮಾವನ್ ಹೆಸ್ರ್ ಹೋತ್ತ್ ಮಾರಾಯಾ," ಅಂದರು ಅಂಗಡಿಯವರು.

ಬೈಕ್ ಹತ್ತುವಾಗ ಬಾಯಿಗೆ ಬಂದಂತೆ ಬೈದೆ. "ಎಲಿದೆಲ್ಲ ಅಚ್ಚ್ ತೆಗಿತ್ರಿ, ನಿಮ್ದೇ ಒಂದ್ ಅಚ್ಚ್ ಇಲ್ಲ! ಕಾರ್ಡಿಂದ ಹೆಸ್ರ್ ಹೋರೆ ನೀವ್ ನಮ್ ಮನೆಯವ್ರೇ ಅಲ್ಲ ಅಂದ್ಹಂಗೆ, ಗೊತ್ತಾಯ್ತಾ?"

ಮಾವ ಹೆಬ್ಬೆಟ್ಟನ್ನು ಅಂಗಿಗೆ ಒರೆಸುತ್ತಾ ಹಿಂದೆ ಹತ್ತಿ ಕೂತರು.

ಅದೇ ಸಿಟ್ಟಿನಲ್ಲಿ ಮನೆಗೆ ಬಂದು ಪೆಟ್ಟಿಗೆಗಳ ಮಣ್ಣು ಸುರಿಯಲು ಹೊರಟೆ. ಪಕ್ಕದಲ್ಲಿ ಅವರ ನೋಟ್‌ಬುಕ್ ತೆರೆದಿತ್ತು. ಸಾಲಾಗಿ ಟೇಪು, ಕೆಳಗೆ ಹೆಸರು. ಊಟಿ. ಗದಗ. ಹಿಮಾಚಲ. ಕೊನೆಯದರ ಕೆಳಗೆ: ನಾನು.

ತಮ್ಮ ಹೆಬ್ಬೆಟ್ಟಿಗೇ ಪಾಲಿಶ್ ಹಚ್ಚಿ ಎಳೆದಿದ್ದ ಆ ಟೇಪಿನಲ್ಲಿ ಏನೂ ಇರಲಿಲ್ಲ.

ಲೆನ್ಸ್ ಹಿಡಿದು ಎಷ್ಟು ಹೊತ್ತು ಹುಡುಕಿದೆನೋ. ಕಡೆಗೆ ಒಂದು ಅಂಚಿನಲ್ಲಿ, ಕೂದಲಿನಷ್ಟು ತೆಳ್ಳಗೆ, ನಾಲ್ಕು ಗೆರೆ!

"ಹ್ವಾಯ್ ಮಾವ, ಬನಿ ಇಲ್ಲಿ! ನಾಳೆ ಹೆಬ್ಬೆಟ್ಟ್ ಅಡ್ಡ ತಿರ್ಗ್ಸಿ ಒತ್ತಿ, ಹೀಂಗೆ."

"ಆಗ್ಳಿಕೂ ಮಿಷಿನ್ ತಕಣ್ದಿದ್ರೆ?"

"ಮಿಷಿನ್ ಒಡ್ದ್ ಹಾಕ್ತೆ," ಅಂತ ಗದರಿದೆ.

ಅವರ ಹೆಬ್ಬೆಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. ಹುಟ್ಟಿದ ಮಗುವಿನದರಷ್ಟು ನುಣ್ಣಗೆ.