ಎಡಗಾಲಿಗೆ ಕೆಲಸವಿಲ್ಲದ ಗಾಡಿ

ನನ್ನ ಎರಡೂ ಕಾಲುಗಳು ನೆಟ್ಟಗಿವೆ ಎಂಬುದನ್ನು ನಾನು ಐವತ್ತೆರಡು ವರ್ಷ ದೇವರ ದಯೆಯೆಂದೇ ತಿಳಿದಿದ್ದೆ. ಅದೊಂದು ತೊಂದರೆಯೂ ಆಗಬಹುದೆಂದು ಗೊತ್ತಾದದ್ದು ಹೋದ ಚಳಿಗಾಲದ ಒಂದು ರವಿವಾರ. ತಲೆಗೆ ಕಲಿಸಿದ್ದು ಪರೀಕ್ಷೆ ಮುಗಿದ ಮರುದಿನ ಹಾರಿಹೋಗುತ್ತದೆ. ಬೀದರಿನಲ್ಲಿ ಇಪ್ಪತ್ತೇಳು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನಾಗಿ ಇದನ್ನು ನಾನು ಯಾವ ಕಟಕಟೆಯಲ್ಲಿ ಬೇಕಾದರೂ ನಿಂತು ಹೇಳಬಲ್ಲೆ. ಆದರೆ ಕಾಲಿಗೆ ಕಲಿಸಿದ್ದು ಹೋಗುವುದಿಲ್ಲ. ಅದರಲ್ಲೂ ನನ್ನ ಎಡಗಾಲಿಗೆ ಕಲಿಸಿದವನು ಸಾಮಾನ್ಯ ಗುರುವಲ್ಲ, ನನ್ನ ಸೋದರಮಾವ ಸಾಮಪ್ಪ. ಭಾಲ್ಕಿಯಿಂದ ಭಾತಂಬ್ರಾ ಹಾಯ್ದು ಔರಾದಿಗೆ ಹೋಗುವ ಸರಕಾರಿ ಬಸ್ಸನ್ನು ಮೂವತ್ತು ವರ್ಷ ನಡೆಸಿದವನು.

ನಾನು ಕಾಲೇಜಿನಲ್ಲಿದ್ದಾಗ ಮಾವ ಯಾರದೋ ಹಳೆಯ ಜೀಪು ತಂದು ಭಾತಂಬ್ರಾದ ಬಯಲಿನಲ್ಲಿ ನನಗೆ ಓಡಿಸಲು ಕಲಿಸಿದ. "ಬಲಗಾಲು ಯಾರಿಗ್ಯಾದ್ರೂ ಬರ್ತದ. ಎಡಗಾಲಿಗಿ ಶಾಣ್ಯಾತನ ಬೇಕು" ಎನ್ನುತ್ತಿದ್ದ. ಜೀಪಿನ ಬಾನೆಟ್ಟಿನ ಮೇಲೆ ಒಂದು ತುಂಬಿದ ತಂಬಿಗೆ ನೀರು ಇಡುತ್ತಿದ್ದ. ಕ್ಲಚ್ ಬಿಡುವಾಗ ಒಂದು ಹನಿ ಚೆಲ್ಲಿದರೂ ಗಾಡಿ ನಿಲ್ಲಿಸಿ, ಇಳಿದು, ಬಾವಿಗೆ ಹೋಗಿ ನಾನೇ ಮತ್ತೆ ತಂಬಿಗೆ ತುಂಬಿಕೊಂಡು ಬರಬೇಕು. ಆ ಬೇಸಿಗೆಯಲ್ಲಿ ನಾನು ಓಡಿಸಿದ್ದಕ್ಕಿಂತ ನೀರು ಸೇದಿದ್ದೇ ಹೆಚ್ಚು. ಕೊನೆಗೊಂದು ದಿನ ನೀರು ಅಲುಗಿತು, ಚೆಲ್ಲಲಿಲ್ಲ. ಮಾವ ಆ ನೀರನ್ನು ತಾನೇ ಕುಡಿದು, "ಈಗ ನಿನ್ನ ಕಾಲು ನಮ್ಮ ಮನಿತನದ್ದು ಅನಸ್ತು" ಎಂದ.

ಅಂಥ ಮಾವನ ಎಡಗಾಲೇ ಕೆಟ್ಟಿತು. ಆರು ವರ್ಷದ ಹಿಂದೆ ಮಾಳಿಗೆಯ ಮೇಲಿನ ಕಸ ತೆಗೆಯಲು ಹತ್ತಿ ಬಿದ್ದ. ಕಾಲಿನೊಳಗೆ ಕಬ್ಬಿಣದ ಸಲಾಕೆ ಹಾಕಿದರು. ಡಾಕ್ಟರು, ಬಲಗಾಲಿಗೆ ಏನೂ ಆಗಿಲ್ಲ, ಊರುಗೋಲು ಹಿಡಿದು ತಿರುಗಾಡು, ಆದರೆ ಕ್ಲಚ್ ಒತ್ತುವ ಮಾತು ಮಾತ್ರ ಎತ್ತಬೇಡ ಎಂದರು. ನೌಕರಿಯ ಕೊನೆಯ ಎರಡು ವರ್ಷ ಅವನನ್ನು ಡಿಪೋದಲ್ಲಿ ಟಯರು ಇಡುವ ಕೋಣೆಯಲ್ಲಿ ಕೂರಿಸಿದರು. ನಿವೃತ್ತನಾಗಿ ಮನೆಗೆ ಬಂದ ಮೇಲೆ ಮಾವ ಒಂದೇ ಒಂದು ಸಲ ಪ್ರಯಾಣಿಕನಾಗಿ ಬಸ್ಸು ಹತ್ತಿದ್ದ. ಡ್ರೈವರು ಎರಡನೇ ಗೇರಿಗೆ ಹಲ್ಲು ಕಡಿಯುವ ಸದ್ದು ಮಾಡಿದನಂತೆ. ಮೂರನೆಯದಕ್ಕೂ ಮಾಡಿದನಂತೆ. ಮಾವ ನಡುದಾರಿಯಲ್ಲಿ ಇಳಿದು, ಆ ಕಾಲಿನಲ್ಲಿ ಊರುಗೋಲು ಊರುತ್ತ ಮನೆಗೆ ನಡೆದುಬಂದ. ಅಂದಿನಿಂದ ಮನೆಯ ಮುಂದಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತವನು ಊರು ಬಿಟ್ಟು ಹೊರಗೆ ಹೋಗಲಿಲ್ಲ. ಬಸ್ಸು ಹೋದಾಗ ಕಣ್ಣು ಮುಚ್ಚಿ ಗೇರಿನ ಸದ್ದು ಕೇಳಿ, ಡ್ರೈವರು ಯಾರೆಂದು ಹೇಳುತ್ತಿದ್ದ. ಹೇಳಿಸಿಕೊಳ್ಳಲು ಯಾರೂ ಇಲ್ಲದಿದ್ದರೂ ಹೇಳುತ್ತಿದ್ದ.

ಹೀಗಿರುವಾಗ ಮಾರ್ತಾ ಅತ್ತೆಯ ಫೋನು ಬಂತು. ಅತ್ತೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಮಾತು ಸೂಜಿಯಷ್ಟೇ ನೇರ. "ರವಿವಾರ ಹನ್ನೊಂದಕ್ಕ ಔರಾದ ಚರ್ಚಿನಾಗ ನಮ್ಮ ಮಗಳು ರೂತಳ ಕೂಸಿಗಿ ದೀಕ್ಷಾಸ್ನಾನ ಅದ. ನಿಮ್ಮ ಮಾವ ಬರಲ್ಲ ಅಂತಾನ. ಆಕಿ ಅಳಲತ್ತಾಳ. ಅಪ್ಪ ಎತ್ತಿಕೊಂಡು ನಿಲ್ಲಲಿಲ್ಲಂದ್ರ ಹೆಸರೇ ಇಡಂಗಿಲ್ಲ ಅಂತಾಳ. ನಾ ಕೂಸಿನ ಅಂಗಿ ತಗೊಂಡು ಮುಂಜಾನಿ ಮೊದಲನೇ ಬಸ್ಸಿಗಿ ಹೋಗ್ತೇನಿ. ಅವನ್ನ ಕರಕೊಂಡು ಬರೂದು ನಿನ್ನ ಜಿಮ್ಮಾ" ಎಂದು ಫೋನಿಟ್ಟಳು. ನನ್ನಲ್ಲಿರುವುದು ಒಂದು ಸ್ಕೂಟರು. ಅದರ ಹಿಂದೆ ಮಾವ ಕೂರುವುದೆಂದರೆ, ಹಸಿವೆಯಾಯಿತೆಂದು ಹುಲಿ ಹೋಗಿ ಮೊಸರನ್ನ ತಿಂದಂತೆ.

ಆಗ ನೆನಪಾದವನು ಕಾದರಭಾಯಿ. ನಾವಿಬ್ಬರೂ ಹಳೇ ಬೀದರಿನ ಒಂದೇ ಓಣಿಯಲ್ಲಿ ಗೋಲಿ ಆಡಿದವರು. ಈಗ ಅವನಿಗೆ ಕೊಳಾರದ ಕಾರಖಾನೆಗಳ ಹತ್ತಿರ ಒಂದು ಗ್ಯಾರೇಜು. ಹೈದರಾಬಾದಿನಿಂದ ಯಾರೋ ಶ್ರೀಮಂತರು ಜಜ್ಜಿ ಬಿಟ್ಟಿದ್ದ ಸ್ಪೋರ್ಟ್ಸ್ ಕಾರೊಂದನ್ನು ತಂದು, ಎರಡು ವರ್ಷ ಬಡಿದು, ಕಾಗದಪತ್ರ ಸರಿಮಾಡಿಸಿ, ಕಪ್ಪು ಬಣ್ಣ ಬಳಿದು, ಬದಿಗೆ ಕೂದಲೆಳೆಯಷ್ಟು ಬೆಳ್ಳಿಗೆರೆ ಎಳೆದು, ಬಿದರಿಯ ಹೂಜಿಯಂತೆ ಮಾಡಿ ಇಟ್ಟುಕೊಂಡಿದ್ದ. ಎರಡೇ ಬಾಗಿಲು, ಎರಡೇ ಸೀಟು. ಗೇರು ತಾನೇ ಬದಲಾಗುತ್ತದೆ, ಕ್ಲಚ್ ಎಂಬುದೇ ಇಲ್ಲ. ಮಾವನ ಕಥೆ ಕೇಳಿ ಕಾದರಭಾಯಿ ಬಹಳ ಹೊತ್ತು ಸ್ಪ್ಯಾನರು ಒರೆಸಿದ. ನಾವು ಭಾಲ್ಕಿಯಿಂದ ಭಾತಂಬ್ರಾಕ್ಕೆ ಹೋಗುವಾಗ ಮಾವನ ಬಸ್ಸಿನ ಬಾನೆಟ್ಟಿನ ಮೇಲೆ ಕೂತದ್ದು ಅವನಿಗೂ ನೆನಪಿತ್ತು. "ಒಯ್ರಿ ಮಾಸ್ತರ. ಉದ್ದ ರಸ್ತಾದ ಮ್ಯಾಲ ಇದು ಒಮ್ಮಿ ಓಡಬೇಕಾಗ್ಯಾದ, ನಿಮ್ಮ ಮಾಮೂ ಕೈಲೇ ಓಡ್ಲಿ. ಖರೇ, ಅಲ್ಲೀ ತನಕ ನೀವು ಒಯ್ಯೂ ಮುಂದ ಎಡಗಾಲು ಮಲಗಿಸಿಬಿಡ್ರಿ. ಅದಕ ಇದರಾಗ ನೌಕರಿ ಇಲ್ಲ" ಎಂದ.

ಕಾಲು ಮಲಗಲಿಲ್ಲ. ರವಿವಾರ ಮುಂಜಾನೆ ಕೊಳಾರದ ಗೇಟಿನ ಹತ್ತಿರ ಮೊದಲನೆಯ ಉಬ್ಬು ಬಂದಾಗ, ಮೂವತ್ತು ವರ್ಷದ ವಿಧೇಯ ಶಿಷ್ಯನಂತೆ ನನ್ನ ಎಡಗಾಲು ಎದ್ದು, ಕ್ಲಚ್ ಇರಬೇಕಾದ ಜಾಗಕ್ಕೆ ಹೋಗಿ, ಅಲ್ಲಿಯವರೆಗೆ ಅಗಲವಾಗಿ ಚಾಚಿದ್ದ ಬ್ರೇಕನ್ನು ಬುಡದವರೆಗೆ ತುಳಿಯಿತು. ಗಾಡಿ ನಿಂತಿತು. ನಾನು ನಿಲ್ಲಲಿಲ್ಲ, ನನ್ನ ಮೂಗು ಸ್ಟಿಯರಿಂಗಿನವರೆಗೆ ಹೋಗಿ, ಬೆಲ್ಟು ಎಳೆದದ್ದರಿಂದ ವಾಪಸು ಬಂತು. ಹಿಂದೆ ಬರುತ್ತಿದ್ದ ಹಾಲಿನವನು ಮೋಟರ್ ಸೈಕಲ್ಲನ್ನು ಪಕ್ಕಕ್ಕೆ ತಿರುಗಿಸಿ, ಕಿಟಕಿಯೊಳಗೆ ಬಗ್ಗಿ ನೋಡಿ, "ಗಾಡಿ ಚಲೋ ಅದರಿ. ಇದನ್ನ ನಡಸಾವ್ರು ಎಲ್ಲಿ ಹೋಗ್ಯಾರ?" ಎಂದು ಕೇಳಿ ಹೋದ. ಭಾಲ್ಕಿ ತಲುಪುವಷ್ಟರಲ್ಲಿ ಹೀಗೆ ನಾಲ್ಕು ಸಲವಾಯಿತು. ಭಾಲ್ಕಿ ದಾಟಿದ ಮೇಲೆ ತೊಗರಿ ಹೊಲಗಳ ನಡುವೆ ರಸ್ತೆ ಸುತ್ತಿಕೊಳ್ಳತೊಡಗಿದಾಗ, ಪ್ರತಿ ತಿರುವಿನಲ್ಲೂ ಕಾರು ಬೆಕ್ಕಿನಂತೆ ಬಾಗುತ್ತಿತ್ತು, ನಾನು ಎಡತೊಡೆಯನ್ನು ಕೈಯಿಂದ ಒತ್ತಿ ಹಿಡಿದಿದ್ದೆ. ಒಂದು ಕೈಯಲ್ಲಿ ಕಾರು, ಇನ್ನೊಂದರಲ್ಲಿ ಕಾಲು. ದಾರಿಯಲ್ಲಿ ಯಾರಾದರೂ ನೋಡಿದ್ದರೆ ನನಗೇ ಸಲಾಕೆ ಹಾಕಿದ್ದಾರೆಂದುಕೊಳ್ಳುತ್ತಿದ್ದರು.

ಭಾತಂಬ್ರಾದ ಮನೆಯ ಮುಂದೆ ಐದನೆಯ ಸಲ ಹಾಗೆಯೇ ನಿಂತೆ. ಕೋಳಿಗಳು ಮಾಳಿಗೆಗೆ ಹಾರಿದವು. ಬೇವಿನ ಕೆಳಗಿದ್ದ ಮಾವ ಕಣ್ಣು ತೆರೆಯದೆಯೇ, "ಎಡಗಾಲು ಹಾಕಿದೇನು ಮಾಸ್ತರ?" ಎಂದ.

"ಹೌದು ಮಾವ. ಇದಕ ಕ್ಲಚ್ ಇಲ್ಲ."

"ಕೆಟ್ಟದೇನು?"

"ಕೆಟ್ಟಿಲ್ಲ. ಇಲ್ಲೇ ಇಲ್ಲ."

ಮಾವ ಎದ್ದು ಬಂದ. ಬಾಗಿಲು ತೆಗೆಸಿದ. ಊರುಗೋಲನ್ನು ಒಳಗೆ ಹಾಕಿ, ಕತ್ತಲಲ್ಲಿ ಚಪ್ಪಲಿ ಹುಡುಕುವವನಂತೆ, ಕ್ಲಚ್ ಇರಬೇಕಾದ ಜಾಗವನ್ನು ತಡವಿದ. ಬ್ರೇಕು ಮುಟ್ಟಿತು, ಎಕ್ಸಲರೇಟರ್ ಮುಟ್ಟಿತು, ಅಷ್ಟೇ. ಮತ್ತೊಮ್ಮೆ ತಡವಿದ. "ಪೂರಾ ಇಲ್ಲ?" ಎಂದ, ಸಣ್ಣ ದನಿಯಲ್ಲಿ. "ಪೂರಾ ಇಲ್ಲ ಮಾವ. ಬರೀ ಬಲಗಾಲಿನ ಗಾಡಿ" ಎಂದೆ. ಅವನು ನನ್ನ ಮುಖ ನೋಡಲಿಲ್ಲ. ಒಳಗೆ ಹೋದ. ಬರಲಿಲ್ಲವೆಂದು ನಾನು ಹೊಸ್ತಿಲವರೆಗೆ ಹೋದರೆ, ಬಿಳಿ ಅಂಗಿ ತೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಬೈಬಲಿನೊಳಗಿಂದ ಲೈಸನ್ಸು ತೆಗೆಯುತ್ತಿದ್ದ. ಆರು ವರ್ಷ ಗಾಡಿ ಮುಟ್ಟದವನು ಅದನ್ನು ತಪ್ಪದೆ ನವೀಕರಿಸುತ್ತಲೇ ಬಂದಿದ್ದ. ನಾನು ಅದನ್ನು ಕಂಡೆನೆಂದು ಗೊತ್ತಾಗಿ, "ಸುಮ್ನ ಇರ್ಲಿ ಅಂತ" ಎಂದ.

ಸೀಟಿನಲ್ಲಿ ಕೂತವನು ಮೊದಲು ಬೇಸರಪಟ್ಟ. "ಇದೇನೋ, ನೆಲದ ಮ್ಯಾಲೆ ಕುಂತಂಗ ಆಗ್ಲತ್ತದ. ಬಸ್ಸಿನಾಗ ಎಮ್ಮಿ ಬೆನ್ನು ಕಾಣಸ್ತಿತ್ತು, ಇಲ್ಲಿ ಹೊಟ್ಟಿ ಕಾಣಸ್ತದ." ಆಮೇಲೆ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿದ. ತುಟಿಗಳು ಅಲುಗಿದವು. ಊರ ಬಯಲಿನಲ್ಲಿ ಮೂರು ಸುತ್ತು ಹಾಕಿ ನೋಡಿದ. ನಾಲ್ಕನೆಯದಕ್ಕೆ ರಸ್ತೆಗೆ ಇಳಿದೆವು. ತಂಬಿಗೆ ಇಟ್ಟಿದ್ದರೆ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ.

ಔರಾದಿನ ರಸ್ತೆಯ ತಿರುವುಗಳೆಲ್ಲ ಮಾವನಿಗೆ ನೆಂಟರಿದ್ದಂತೆ. "ಇದು ಮೊಂಡು, ಕೊನೀಗಿ ಒತ್ತರಿಸ್ತದ. ಇದು ಸಾದಾ. ಇದು ನೋಡು, ಸಾದಾ ಇದ್ದಂಗ ಕಾಣಸ್ತದ, ಬಾಜೂಕ ಹೊಲದಾಗಿಂದ ದನ ಬರ್ತಾವ" ಎನ್ನುತ್ತಿರುವಾಗಲೇ ಎರಡು ಎತ್ತು ಬಂದವು. ನಾನು ಕಾಲು ಚಾಚಿ ಕೂತು, ಸ್ಪೋರ್ಟ್ಸ್ ಕಾರಿನ ಸುಖವೆಂದರೆ ಇದೇ ಎಂದುಕೊಳ್ಳುತ್ತಿದ್ದೆ. ಆಗ ಕಾರು ನಿಧಾನವಾಯಿತು. ಮಾವ ಎಡಕ್ಕೆ ಲೈಟು ಹಾಕಿ, ಒಂದು ಹಳ್ಳಿಯ ಬಸ್ ಶೆಲ್ಟರಿನ ಮುಂದೆ ನಿಲ್ಲಿಸಿದ. ಅಲ್ಲಿ ಒಂದು ನಾಯಿ ಮಲಗಿತ್ತು. ಕನ್ನಡಿ ನೋಡಿದ. ಮತ್ತೆ ಹೊರಟ.

"ಯಾಕ ನಿಲ್ಲಿಸ್ದಿ ಮಾವ? ಯಾರೂ ಇಲ್ಲಲ್ಲ."

"ಮಂದಿ ಇವತ್ತ ಇಲ್ಲ. ಸ್ಟಾಪ್ ಅಂತೂ ಅದ."

ಹೀಗೆ ಪ್ರತಿ ಸ್ಟಾಪಿನಲ್ಲೂ ನಿಂತೆವು. ಗಂಟೆಗೆ ಇನ್ನೂರು ಮೈಲಿ ಓಡಬಲ್ಲದೆಂದು ಕಾದರಭಾಯಿ ಆಣೆ ಮಾಡಿದ್ದ ಗಾಡಿ ನಲವತ್ತು ಕಿಲೋಮೀಟರಿನಲ್ಲಿ ಹೋಗಿ ಹುಣಸೆಮರದ ಕೆಳಗೆ ನಿಲ್ಲುತ್ತಿತ್ತು, ಬಾವಿಕಟ್ಟೆಯ ಹತ್ತಿರ ನಿಲ್ಲುತ್ತಿತ್ತು. ಹೊಳೆಯ ಸೇತುವೆ ದಾಟಿದ ಮೇಲೆ ನೇರ ರಸ್ತೆ ಖಾಲಿ ಬಿದ್ದಿತ್ತು. "ಒಮ್ಮಿ ಒತ್ತಿ ನೋಡು ಮಾವ" ಎಂದೆ. ಮಾವ ಒತ್ತಿದ. ನನ್ನ ಬೆನ್ನು ಸೀಟಿಗೆ ಅಂಟಿತು, ಕರೀಜಾಲಿ ಗಿಡಗಳೆಲ್ಲ ಒಂದೇ ಗೋಡೆಯಾದವು. ಮಾವ ನಕ್ಕ. ಆರು ವರ್ಷದಿಂದ ಕೇಳದ ನಗು. ಅದು ಅವನಲ್ಲಿ ಇನ್ನೂ ಇದೆಯೆಂದೇ ನಾನು ಮರೆತಿದ್ದೆ. ಅರ್ಧ ಕಿಲೋಮೀಟರು ಹೋಗಿರಬಹುದು. ಮೆಲ್ಲಗೆ ಕಾಲು ತೆಗೆದು, "ಸಾಕು. ಹಿಂದ ನಿಂತ ಮಂದಿ ಬೀಳ್ತಾರ" ಎಂದ. ಹಿಂದೆ ಸೀಟೇ ಇರಲಿಲ್ಲ.

ಮುಂದಿನ ಸ್ಟಾಪಿನಲ್ಲಿ ಮಾತ್ರ ಮಂದಿ ಇದ್ದರು. ಅಂದರೆ ಒಬ್ಬಳೇ, ಎಂಬತ್ತರ ಹತ್ತಿರದ ಮುದುಕಿ, ಮಡಿಲಲ್ಲಿ ಬಟ್ಟೆಯ ಗಂಟು. ಬಗ್ಗಿ ನೋಡಿದಳು. "ಸಾಮಪ್ಪ ಡ್ರೈವರ್ ಹೌದಲ್ಲೋ? ಇಷ್ಟ ದಿನ ಎಲ್ಲಿ ಸತ್ತಿದ್ದಿ? ಬಸ್ಸು ಯಾಕ ಹಿಂಗ ಸೊರಗ್ಯಾದ?"

"ವಯಸ್ಸಾತು ಶಾಂತಾಬಾಯಿ. ಔರಾದಕೇನು?"

"ಮತ್ತೆಲ್ಲಿ? ಮಗಳ ಮನಿಗಿ. ಆಧಾರ್ ಕಾರ್ಡ್ ತಂದೀನಿ, ಬೇಕಾದ್ರ ನೋಡು" ಎಂದು ಹೆಂಗಸರ ಪುಕ್ಕಟೆ ಟಿಕೆಟ್ಟಿಗಾಗಿ ಸೊಂಟದ ಚೀಲದಿಂದ ಕಾರ್ಡು ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ನನ್ನನ್ನು ಕಂಡಕ್ಟರ್ ಎಂದು ತಿಳಿದಿರಬೇಕು.

ಮಾವ ನನ್ನ ಕಡೆ ತಿರುಗಿದ. ತಂಬಿಗೆಯ ನೀರು ಚೆಲ್ಲಿದಾಗ ನೋಡುತ್ತಿದ್ದನಲ್ಲ, ಹಾಗೆ ನೋಡಿದ. ನಾನು ಇಳಿದೆ. ಮುದುಕಿಯನ್ನು ಅಷ್ಟು ತಗ್ಗಿನ ಸೀಟಿಗೆ ಇಳಿಸಿ, ಬೆಲ್ಟು ಹಾಕಿ, ಬಾಗಿಲು ಮುಚ್ಚಿ, ಅಭ್ಯಾಸವಿಲ್ಲದಿದ್ದರೂ ತಗಡಿನ ಮೇಲೆ ಎರಡು ಸಲ ಬಡಿದು "ರೈಟ್" ಎಂದೆ. ಮಾವ ಹೊರಟ.

ನನಗೆ ಬಸ್ಸು ಸಿಕ್ಕದ್ದು ಮುಕ್ಕಾಲು ಗಂಟೆಯ ಮೇಲೆ. ಕೂರಲು ಜಾಗವಿಲ್ಲ, ಡ್ರೈವರನ ಹಿಂದೆ ಕಂಬ ಹಿಡಿದು ನಿಂತೆ. ಅವನು ಗೇರು ಹಾಕಿದಾಗಲೆಲ್ಲ ನನ್ನ ಎಡಗಾಲು ನೆಲ ಒತ್ತುತ್ತಿತ್ತು. ಬೆಳಗಿನಿಂದ ಮೊದಲ ಸಲ ಅದಕ್ಕೆ ಸರಿಯಾದ ಸಮಯಕ್ಕೆ ಕೆಲಸ ಸಿಕ್ಕಿತ್ತು. ಚರ್ಚಿಗೆ ಓಡಿದರೆ ಎಲ್ಲ ಮುಗಿದಿತ್ತು. ಮೆಟ್ಟಿಲ ಮೇಲೆ ಮಾವ ಊರುಗೋಲನ್ನು ಗೋಡೆಗೆ ಒರಗಿಸಿ, ಬಿಳಿ ಅಂಗಿಯ ಕೂಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತಿದ್ದ. ರೂತ್ ಅಪ್ಪನ ತೋಳಿಗೆ ಹಣೆ ಹಚ್ಚಿದ್ದಳು. ಶಾಂತಾಬಾಯಿ ಮಗಳ ಮನೆ ಮರೆತು ಕುರ್ಚಿಯಲ್ಲಿ ಕೂತು ಕೇಕು ತಿನ್ನುತ್ತಿದ್ದಳು. "ಹತ್ತು ಐವತ್ತಕ್ಕ ಮುಟ್ಟೀನಿ. ಬರಾಬರ್ ಟೈಮ್" ಎಂದ ಮಾವ. "ನೀ ಯಾಕ ಇಷ್ಟ ತಡ?"

ವಾಪಸು ಹೋಗುವಾಗಾದರೂ ಕೂರಬಹುದೆಂದು ನಾನು ಕಾರಿನ ಬಾಗಿಲು ತೆಗೆದೆ. ಅಷ್ಟರಲ್ಲಿ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಬಂದು ನಿಂತಳು. ನಲವತ್ತು ವರ್ಷದ ಸಂಸಾರ; ಬಸ್ಸಿನ ಡ್ರೈವರನ ಪಕ್ಕ ಹೆಂಡತಿಗೆ ಸೀಟಿರುವುದಿಲ್ಲ, ಮನೆಗೆ ಬೇರೆ ಗಾಡಿಯಿರಲಿಲ್ಲ. ಗಂಡ ನಡೆಸುವ ಬಸ್ಸಿನಲ್ಲಿ ಅವಳು ಆಯುಷ್ಯವೆಲ್ಲ ಹಿಂದಿನ ಸಾಲಿನಿಂದ ಅವನ ಟೊಪ್ಪಿಗೆ ನೋಡಿದವಳು. "ನಿನಗ ಬಸ್ಸು ಸಿಗ್ತದಲ್ಲ?" ಎಂದು ಕೇಳಿದಳು. ಅದು ಪ್ರಶ್ನೆಯಾಗಿರಲಿಲ್ಲ.

ಸಿಕ್ಕಿತು. ಈ ಸಲ ಕಿಟಕಿಯ ಸೀಟೇ ಸಿಕ್ಕಿತು. ಹೊಳೆಗಿಂತ ಸ್ವಲ್ಪ ಮೊದಲು ನಮ್ಮ ಬಸ್ಸು ಆ ಸ್ಪೋರ್ಟ್ಸ್ ಕಾರನ್ನು ಹಿಂದೆ ಹಾಕಿತು. ಅದು ಖಾಲಿ ಸ್ಟಾಪೊಂದರಲ್ಲಿ, ಎಡಕ್ಕೆ ಲೈಟು ಹಾಕಿಕೊಂಡು, ನಿಯತ್ತಾಗಿ ನಿಂತಿತ್ತು. ಅತ್ತೆ ಏನೋ ಹೇಳುತ್ತಿದ್ದಳು, ಮಾವ ಕನ್ನಡಿ ನೋಡದೆ ಅವಳನ್ನೇ ನೋಡುತ್ತಿದ್ದ. ಮೂವತ್ತು ವರ್ಷದಲ್ಲಿ ಅವನು ಮಾಡಿದ ಮೊದಲ ತಪ್ಪು ಅದಿರಬೇಕು.

ಭಾತಂಬ್ರಾದಲ್ಲಿ ಇಳಿದು, ಕಾರು ಬರುವವರೆಗೆ ಕಾದು, ಕೀಲಿ ಇಸಿದುಕೊಂಡು, ಮಾವ ಹೇಳಿದಂತೆ ಎಡಗಾಲನ್ನು ಮಡಚಿ ಅದರ ಮೇಲೇ ಕೂತು, ಹೊತ್ತು ಮುಳುಗುವಾಗ ಬೀದರಿಗೆ ಬಂದೆ. ಕಾಲು ಜುಮುಗುಟ್ಟಿ, ಗ್ಯಾರೇಜಿನಲ್ಲಿ ಇಳಿದಾಗ ನಿಲ್ಲಲಾಗದೆ ಕಾದರಭಾಯಿಯ ಹೆಗಲು ಹಿಡಿದೆ. ಅವನು ಟಾರ್ಚು ಹಿಡಿದು ಗಾಡಿಯ ಸುತ್ತ ತಿರುಗಿ, ಒಂದು ಗೀರೂ ಇಲ್ಲವೆಂದು ಸಮಾಧಾನಪಟ್ಟು, "ಉದ್ದ ರಸ್ತಾದ ಮ್ಯಾಲ ಹ್ಯಾಂಗ ಓಡ್ತದರಿ ಮಾಸ್ತರ?" ಎಂದು ಆಸೆಯಿಂದ ಕೇಳಿದ.

"ಚಲೋ ಓಡ್ತದ" ಎಂದೆ. "ಬಸ್ಸಿನ ಕಿಟಕಿಯಿಂದ ನಾನೇ ನೋಡೀನಿ."