ಪ್ರಭುದಾಸಪ್ಪನ ತಲೆ ಮೇಲೆ ಕೈ

ಪ್ರಭುದಾಸಪ್ಪನ ಫಜೀತಿಗೆಲ್ಲ ಮೂಲ ಹೋದ ಕ್ರಿಸ್‌ಮಸ್ ದಿನ ಅವನು ಮಾಡಿದ ಊಟದ ಪ್ರಾರ್ಥನೆ.

ಮಸ್ಕಿಯ ಆ ಸಣ್ಣ ಸಭೆಯಲ್ಲಿ ಅಂದು ಬಿರಿಯಾನಿ ಮಾಡಿಸಿದ್ದರು. ಎಲೆ ಹಾಕಿ, ಬಡಿಸಿ ಆಗಿತ್ತು. ಸಭಾಪಾಲಕರಾದ ಪಾಸ್ಟರ್ ಸುಂದರರಾಜರು ಪಕ್ಕದಲ್ಲಿ ನಿಂತಿದ್ದ ಪ್ರಭುದಾಸಪ್ಪನಿಗೆ, "ಎರಡು ಮಾತು ಪ್ರಾರ್ಥನೆ ಮಾಡ್ರಿ" ಎಂದುಬಿಟ್ಟರು. ಪ್ರಭುದಾಸಪ್ಪ ಕಣ್ಣು ಮುಚ್ಚಿದ. ಲೋಕದ ಸೃಷ್ಟಿಯಿಂದ ಶುರು ಮಾಡಿ, ನೋಹನ ನಾವೆ ಹತ್ತಿ ಇಳಿದು, ಮಸ್ಕಿ ತಾಲೂಕಿನ ಹಳ್ಳಿಗಳನ್ನೆಲ್ಲ ಹೆಸರು ಹಿಡಿದು ಆಶೀರ್ವದಿಸಿ, ಅಡುಗೆ ಮಾಡಿದವರು, ಮಸಾಲೆ ಅರೆದವರು, ಕೋಳಿ ಸಾಕಿದವರು ಯಾರನ್ನೂ ಬಿಡದೆ 'ಆಮೆನ್' ಎನ್ನುವಾಗ ನಲವತ್ತು ನಿಮಿಷ ಆಗಿತ್ತು. ಬಿರಿಯಾನಿ ಆರಿ, ಅದರ ಮೇಲಿನ ಎಣ್ಣೆ ಮೇಣದಂತೆ ಹೆಪ್ಪುಗಟ್ಟಿತ್ತು.

ಟಂಟಂ ಆಟೋ ಓಡಿಸುವ ದಾನೇಲ ಅಂದೇ ಪಂಕ್ತಿಯಲ್ಲಿ ಎದ್ದು ನಿಂತು ಹೇಳಿದ್ದ: "ಈ ಪ್ರಭುದಾಸಣ್ಣ ಸಭ್ಯಾಗ ಇರೋತನಕ ನಾ ಈ ಕಡೆ ತಲಿ ಹಾಕಂಗಿಲ್ಲ." ಹಾಗೆಂದವನು ಕೂತು ಎರಡು ಸಲ ಹಾಕಿಸಿಕೊಂಡು ಉಂಡೇ ಹೋದ, ಅದು ಬೇರೆ ಮಾತು. ಆದರೆ ಮುಂದಿನ ಭಾನುವಾರದಿಂದ ಅವನು ಬರಲಿಲ್ಲ. ಅವನ ಹಿಂದೆ ಒಂದೊಂದೇ ಕುಟುಂಬ ಕರಗತೊಡಗಿತು. ಒಬ್ಬರಿಗೆ ಹೊಲದ ಕೆಲಸ, ಒಬ್ಬರಿಗೆ ನೆಂಟರ ಮದುವೆ, ಮತ್ತೊಬ್ಬರಿಗೆ ಭಾನುವಾರ ಬೆಳಿಗ್ಗೆ ಮಾತ್ರ ಬರುವ ಮೊಣಕಾಲು ನೋವು.

ಪ್ರಭುದಾಸಪ್ಪ ಕೆಟ್ಟವನಲ್ಲ. ಬಸ್ ಸ್ಟ್ಯಾಂಡಿನ ಎದುರು ಅವನ ಹೊಲಿಗೆ ಅಂಗಡಿ. ಸಭೆಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಓಡಿ ಹೋಗುವವನು ಅವನೇ. ಓಡಿ ಹೋದ ಮೇಲೆ ಕಣ್ಣು ಮುಚ್ಚುತ್ತಿದ್ದ, ತೊಂದರೆ ಇದ್ದದ್ದು ಅಲ್ಲಿ. ಸಭೆಯ ಹಿರಿಯನಾಗಬೇಕು, ಹಿಂಡನ್ನು ಕಾಯಬೇಕು ಎಂದು ಹನ್ನೊಂದು ವರ್ಷದಿಂದ ಆಸೆಪಟ್ಟಿದ್ದ. ಪ್ರತಿ ಸಲವೂ ಹೆಸರು ಬರುತ್ತಿತ್ತು, ಪ್ರತಿ ಸಲವೂ ಯಾರೋ ಕೆಮ್ಮುತ್ತಿದ್ದರು, ಮಾತು ಬೇರೆ ಕಡೆ ಹೊರಳುತ್ತಿತ್ತು.

ಈ ಸಲ ಪಾಸ್ಟರು ಒಪ್ಪಿದ್ದರು. ಆದರೆ ಆ ಸಭೆಯಲ್ಲಿ ಒಂದು ಪದ್ಧತಿ ಉಂಟು. ಹಿರಿಯನಾಗುವವನು ಮೊದಲು ಸಭೆ ಬಿಟ್ಟು ಹೋದ ಒಬ್ಬನನ್ನಾದರೂ ಮರಳಿ ಕರೆತರಬೇಕು. ಆಮೇಲೆಯೇ ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹಿರಿಯನೆಂದು ನೇಮಿಸುವುದು. ಕೈಯಿಡಲು ಲಿಂಗಸುಗೂರಿನಿಂದ ಹಿರಿಯ ಸಾಮುವೇಲಪ್ಪನವರು ಯಾವ ಭಾನುವಾರ ಬರುತ್ತಾರೆಂಬುದೂ ನಿಗದಿಯಾಗಿತ್ತು. ಪ್ರಭುದಾಸಪ್ಪನ ಪಾಲಿಗೆ ಬಂದ ಹೆಸರು ದಾನೇಲನದು.

ಮೂರು ವಾರ ಪ್ರಭುದಾಸಪ್ಪ ಬೆನ್ನು ಹತ್ತಿದ, ಮೂರು ವಾರ ದಾನೇಲ ಟಂಟಂ ಓಡಿಸಿದ. ಕೊನೆಗೆ ಆ ಭಾನುವಾರವೇ ಬಂದುಬಿಟ್ಟಿತು.

ಬೆಳಿಗ್ಗೆ ಆರಕ್ಕೆ ತಾನೇ ಹೊಲಿದುಕೊಂಡ ಹೊಸ ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು, ಬೈಬಲ್ ಇಟ್ಟ ಕರಿ ಚೀಲ ಬಗಲಿಗೆ ಹಾಕಿಕೊಂಡು ಪ್ರಭುದಾಸಪ್ಪ ಹೊರಟ. ಹೆಂಡತಿ ಕರುಣಮ್ಮ ಬಾಗಿಲಲ್ಲಿ ನಿಂತು, "ಸಿಕ್ಕರ ಪ್ರಾರ್ಥನೆ ಮಾಡಾಕ ಹೋಗಬ್ಯಾಡ್ರಿ. ಮೊದಲ ಕೈ ಹಿಡಕೊಳ್ರಿ" ಎಂದಳು. ಇಪ್ಪತ್ತು ವರ್ಷ ಸಂಸಾರ ಮಾಡಿದವಳ ಮಾತು ಅದು.

ದಾನೇಲನ ಮನೆಗೆ ಬೀಗ. ಪಕ್ಕದ ಮನೆಯ ರಮಜಾನಬಿ ಕಟ್ಟೆಯ ಮೇಲೆ ಕೂತು ಮೆಂತೆಪಲ್ಯ ಬಿಡಿಸುತ್ತಿದ್ದಳು. ಆ ಓಣಿಯಲ್ಲಿ ಅವಳಿಗೆ ಗೊತ್ತಿಲ್ಲದ ಸುದ್ದಿ ಇರಲಿಲ್ಲ, ಅವಳ ಬಳಿ ನಿಲ್ಲುವ ಸುದ್ದಿಯೂ ಇರಲಿಲ್ಲ.

"ದಾನೇಲ ಸಂತೆಕಲ್ಲೂರಿಗಿ ಹೋಗ್ಯಾನ್ರಿ. ನಾಟಿ ಹಚ್ಚೋ ಹೆಣ್ಮಕ್ಕಳನ್ನ ತುಂಬಿಕೊಂಡು ಬರಾಕ. ಹೇಣ್ತಿ ಮಕ್ಕಳು ಆಕಿ ತವರಿಗಿ ಹೋಗ್ಯಾರ. ಯಾಕ್ರಿ, ಇಷ್ಟು ಬೆಳ್ಳಗ ಹೊಂಟೀರಿ?"

"ಅವನ್ನ ಹುಡುಕಾಕ ಹೊಂಟೀನಿ."

"ಹಂಗಾರ ಇವತ್ತು ಚರ್ಚಿಗಿ ಹೋಗಂಗಿಲ್ಲೇನು?"

ಪ್ರಭುದಾಸಪ್ಪ ಎದೆಯುಬ್ಬಿಸಿದ. "ದಾನೇಲ ಸಿಗೋತನಕ ಆ ಕಡಿ ಕಾಲಿಡಂಗಿಲ್ಲ. ಸಿಂಧನೂರು ಆಗ್ಲಿ, ಎಲ್ಲೇ ಆಗ್ಲಿ, ಹೋಗಾಂವನ."

ರಮಜಾನಬಿ ಮೆಂತೆಪಲ್ಯ ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಅವನು ಓಣಿ ದಾಟುವ ಮೊದಲೇ ಅವಳ ಕೈಗೆ ಫೋನು ಬಂದಿತ್ತು.

ಸಂತೆಕಲ್ಲೂರಿನಲ್ಲಿ ಇಳಿದಾಗ ದಾನೇಲನ ಟಂಟಂ ಸಿಂಧನೂರಿನ ಕಡೆ ಹೋಗಿ ಅರ್ಧ ತಾಸಾಗಿತ್ತು. ಸಿಂಧನೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿಳಿ ಬಟ್ಟೆ, ಕರಿ ಚೀಲ ಹಾಕಿಕೊಂಡು ಸುಮ್ಮನೆ ನಿಂತವನನ್ನು ಹಳ್ಳಿಯಲ್ಲಿ ಯಾರು ಬಿಡುತ್ತಾರೆ? ಚಹಾದಂಗಡಿಯ ಮುಂದೆ ಆದೆಪ್ಪ, ಕನಕರಾಜ ಎಂಬ ಅಣ್ಣ ತಮ್ಮ ದನದ ಮೇವಿನ ಜೋಳದ ಕಣಿಕೆ ಬಣವೆಯ ಪಾಲಿಗಾಗಿ ಜಗಳ ತೆಗೆದಿದ್ದರು. ಜಗಳಕ್ಕೆ ಎರಡು ವರ್ಷ ವಯಸ್ಸಾಗಿತ್ತು, ಬಣವೆಗೆ ಒಂದೇ ವರ್ಷ.

"ಇಲ್ಲಿ ನೋಡ್ರಿ, ದೊಡ್ಡ ಮನಷ್ಯಾರು ಬಂದಾರ. ಇವರೇ ಫೈಸಲಾ ಮಾಡ್ಲಿ" ಎಂದು ಆದೆಪ್ಪ ಅವನ ರಟ್ಟೆ ಹಿಡಿದ.

"ನನಗ ಬಸ್ಸಿಗಿ ಹೊತ್ತಾಗ್ತದ್ರಿ" ಎಂದ ಪ್ರಭುದಾಸಪ್ಪ.

"ಬಸ್ಸು ಮತ್ತೊಂದು ಬರ್ತೈತಿ. ನಮ್ಮ ತಕರಾರು ಮುಗಸ್ರಿ" ಎಂದು ಕನಕರಾಜ ಇನ್ನೊಂದು ರಟ್ಟೆ ಹಿಡಿದ. ಎರಡು ವರ್ಷದಲ್ಲಿ ಅಣ್ಣ ತಮ್ಮ ಸೇರಿ ಮಾಡಿದ ಮೊದಲ ಕೆಲಸ ಅದು.

ಪ್ರಭುದಾಸಪ್ಪನಿಗೆ ಕಣಿಕೆಯ ವಿಷಯ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. "ಮೊದಲು ಪ್ರಾರ್ಥನೆ ಮಾಡೋಣ್ರಿ" ಎಂದು ಕಣ್ಣು ಮುಚ್ಚಿದ. ಅಣ್ಣ ತಮ್ಮ ಇಬ್ಬರೂ ಶಿವಭಕ್ತರು. ಆದರೂ ದೇವರ ಹೆಸರು ಹೇಳುವಾಗ ನಡುವೆ ಬಿಟ್ಟು ಹೋಗಬಾರದೆಂದು ಕೈ ಕಟ್ಟಿ ನಿಂತರು. ಚಹಾ ಆರಿತು. ಆದಾಮನ ಇಬ್ಬರು ಮಕ್ಕಳ ಜಗಳ ಬಂತು. ಯಾಕೋಬನ ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವನ ಹೆಸರು ಬರುವಾಗ ಆದೆಪ್ಪ ತಮ್ಮನ ಕಿವಿಯಲ್ಲಿ, "ಇನ್ನಾ ಎಂಟು ಮಂದಿ ಅದಾರ. ಬಣವಿ ಪೂರಾ ನೀನ ತಗೋ" ಎಂದ. "ಬ್ಯಾಡಣ್ಣ, ಅರ್ಧ ಅರ್ಧ ಮಾಡೋಣ, ಜಲ್ದಿ ಹೋಗೋಣ ನಡಿ" ಎಂದ ಕನಕರಾಜ. ಪ್ರಭುದಾಸಪ್ಪ ಕಣ್ಣು ತೆರೆದಾಗ ಅಲ್ಲಿ ಚಹಾದವನೊಬ್ಬನೇ ಇದ್ದ. ಬಸ್ಸೂ ಬಂದು ಹೋಗಿತ್ತು.

ಮುಂದಿನ ಬಸ್ಸಿನಲ್ಲಿ ಸಿಂಧನೂರು ಮುಟ್ಟಿದಾಗ ಹತ್ತು ಗಂಟೆ ದಾಟಿತ್ತು. ಮಸ್ಕಿಯ ಸಭೆಯಲ್ಲಿ ಆರಾಧನೆ ಶುರುವಾಗುವ ಹೊತ್ತು. ಪ್ರಭುದಾಸಪ್ಪ ಕರುಣಮ್ಮನಿಗೆ ಫೋನ್ ಮಾಡಿದ.

"ಸಾಮುವೇಲಪ್ಪನವರು ಬಂದಾರೇನು?"

"ಬಂದಾರ."

"ಎಷ್ಟೊತ್ತಿಗಿ ಕೈ ಇಡ್ತಾರಂತ?"

"ಒಂದೂವರಿಗಿ ಅಂತ. ನೀವು ಅವಸರ ಮಾಡಬ್ಯಾಡ್ರಿ. ನಿಧಾನಕ್ಕ ಹುಡುಕ್ರಿ" ಎಂದಳು ಕರುಣಮ್ಮ. ಹಿಂದೆ ಏನೋ ಗದ್ದಲ ಕೇಳಿಸುತ್ತಿತ್ತು, ಡೋಲಕ್ಕಿನ ಸದ್ದೂ ಬಂದಂತಾಯಿತು. ಸಭೆಯಲ್ಲಿ ಡೋಲಕ್ ಬಾರಿಸುವವನು ದಾನೇಲ ಒಬ್ಬನೇ ಆದ್ದರಿಂದ, ಪಕ್ಕದ ಓಣಿಯಲ್ಲಿ ಮದುವೆ ಇರಬೇಕು ಎಂದುಕೊಂಡ.

ರೈಸ್‌ಮಿಲ್ಲಿನ ಹತ್ತಿರ ನಿಂತಿದ್ದ ಆಟೋದವರು, ಹಿಂದೆ ಕೆಂಪು ಶಿಲುಬೆ ಬರೆಸಿದ ಟಂಟಂ ಮುಕ್ಕುಂದದ ಕಡೆ ಹೋಯಿತೆಂದು ಹೇಳಿದರು. ದಾನೇಲನ ಗಾಡಿಯೇ ಅದು. ಪ್ರಭುದಾಸಪ್ಪ ಗೊಬ್ಬರದ ಚೀಲ ಹೇರಿದ ಟ್ರ್ಯಾಕ್ಟರ್ ಹತ್ತಿ, ಯೂರಿಯಾ ಚೀಲದ ಮೇಲೆ ಕೂತು ಮುಕ್ಕುಂದಕ್ಕೆ ಹೋದ. ಬಿಳಿ ಪ್ಯಾಂಟಿನ ಹಿಂಭಾಗ ಆಗಲೇ ಬಿಳಿ ಉಳಿದಿರಲಿಲ್ಲ.

ಕಾಲುವೆಯ ಪಕ್ಕದ ಗದ್ದೆಯಲ್ಲಿ ನಾಟಿ ನಡೆದಿತ್ತು. ಏರಿಯ ಮೇಲೆ ಕೆಂಪು ಶಿಲುಬೆಯ ಟಂಟಂ ನಿಂತಿತ್ತು. ಗದ್ದೆಯ ನಡುವೆ ತಲೆಗೆ ಟವೆಲ್ ಸುತ್ತಿದ ಗಂಡಸೊಬ್ಬ ಬೆನ್ನು ಮಾಡಿ ಸಸಿಯ ಕಟ್ಟು ಎಸೆಯುತ್ತಿದ್ದ. ಪ್ರಭುದಾಸಪ್ಪನಿಗೆ ಹೆಂಡತಿಯ ಮಾತು ನೆನಪಾಯಿತು. ಮೊದಲು ಕೈ ಹಿಡಿಯಬೇಕು. ಸದ್ದಿಲ್ಲದೆ ಗದ್ದೆಗಿಳಿದ. ನಾಲ್ಕನೆಯ ಹೆಜ್ಜೆಗೆ ಬಲಗಾಲಿನ ಚಪ್ಪಲಿ ಕೆಸರಿನಲ್ಲೇ ಉಳಿಯಿತು, ಆರನೆಯದಕ್ಕೆ ಮೊಣಕಾಲತನಕ ಹೂತ, ಏಳನೆಯದಕ್ಕೆ ಮುಗ್ಗರಿಸಿ ಬೀಳುತ್ತ ಮುಂದಿನವನ ಸೊಂಟವನ್ನೇ ತಬ್ಬಿಕೊಂಡ.

"ದಾನೇಲಾ, ಇವತ್ತ ನಿನ್ನ ಬಿಡಂಗಿಲ್ಲ."

ತಿರುಗಿದವನು ದಾನೇಲನಲ್ಲ. ದಾನೇಲನ ಓಣಿಯ ಹುಲಿಗೇಶ.

"ಯಾರ್ರಿ ನೀವು, ಟೇಲರಣ್ಣ ಅಲ್ಲೇನ್ರಿ? ಬಿಡ್ರಿ, ಇಬ್ರೂ ಬೀಳ್ತೀವಿ" ಎಂದ ಹುಲಿಗೇಶ. ಇಬ್ಬರೂ ಬಿದ್ದರು.

ನಾಟಿ ಹಚ್ಚುತ್ತಿದ್ದ ಹೆಂಗಸರು ನಕ್ಕು ನಕ್ಕು ಸಾಲು ತಪ್ಪಿಸಿದರು. ಅವರ ಮುಂದಾಳು ಪಾರ್ವತೆಮ್ಮ, "ಅಣ್ಣಾರ, ನೀವು ಬಿದ್ದಲ್ಲಿ ಸಸಿ ಹಚ್ಚಿದ್ವಿ. ಎದ್ದ ಮ್ಯಾಲ ಮತ್ತ ಹಚ್ಚಿಕೊಟ್ಟ ಹೋಗ್ರಿ" ಎಂದಳು. ಪ್ರಭುದಾಸಪ್ಪ ಬಿಳಿ ಅಂಗಿಯಲ್ಲಿ ಎರಡು ಸಾಲು ನಾಟಿ ಮಾಡಿದ. ಅವನ ಸಾಲು ಅವನ ಪ್ರಾರ್ಥನೆಯಂತೆಯೇ ಇತ್ತು, ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಯಿತು.

"ದಾನೇಲ ಎಲ್ಲಿ ಅದಾನೋ?" ಎಂದು ಅಳುಮೋರೆಯಲ್ಲಿ ಕೇಳಿದ.

"ಸಿಂಧನೂರಾಗ ಇಳದು ಹೋದ್ನಲ್ರಿ. ಯಾವದೋ ಫೋನ್ ಬಂತು. ನಗಕೊಂತ ಗಾಡಿ ನನ್ನ ಕೈಯಾಗ ಕೊಟ್ಟು ಮಸ್ಕಿ ಬಸ್ಸು ಹತ್ತಿದ. ನೀವು ಬರೋ ಬಸ್ಸು ಎದುರಿಗಿ ಸಿಕ್ತಂತ. ಕಿಡಕ್ಯಾಗ ನಿಮ್ಮನ್ನ ನೋಡಿ ಕೈ ಬೀಸ್ಯಾನ. ಈಗರ ಫೋನ್ ಮಾಡಿ ಹೇಳಿದ."

ಪ್ರಭುದಾಸಪ್ಪ ಒಂದೇ ಚಪ್ಪಲಿಯಲ್ಲಿ ಓಡಿದ. ಹಾಲಿನ ಗಾಡಿ, ಶೇರ್ ಆಟೋ, ಕೊನೆಗೆ ಬಸ್ಸು. ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಹನ್ನೊಂದು ವರ್ಷದ ಆಸೆ ಕೈತಪ್ಪಿತೆಂದು ಅವನಿಗೆ ನಿಜಕ್ಕೂ ಅಳು ಬಂತು. ಕೆಸರು ಮುಖದ ಮೇಲೆ ಕಣ್ಣೀರು ಎರಡು ಕಾಲುವೆ ತೋಡಿತು.

ಮಸ್ಕಿ ಮುಟ್ಟಿ, ಸಭೆಯ ಅಂಗಳಕ್ಕೆ ಬಂದವನಿಗೆ ಕಾಲಿಡಲು ಜಾಗವಿರಲಿಲ್ಲ. ಅಷ್ಟು ಚಪ್ಪಲಿಗಳು. ಬಾಗಿಲಾಚೆಗೂ ಜನ ಕೂತಿದ್ದರು. ಹೊಲದ ಕೆಲಸದವರು ಬಂದಿದ್ದರು, ನೆಂಟರ ಮದುವೆಯವರು ಬಂದಿದ್ದರು, ಮೊಣಕಾಲು ನೋವಿನವರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎಲ್ಲರ ಮುಂದೆ ದಾನೇಲ ಡೋಲಕ್ ಹಿಡಿದಿದ್ದ.

ಪಾಸ್ಟರ್ ಸುಂದರರಾಜರು ಎರಡೂ ಕೈ ಚಾಚಿ ಬಂದರು. ಕೆಸರು ನೋಡಿ ಒಂದು ಕೈ ಹಿಂದಕ್ಕೆ ತೆಗೆದುಕೊಂಡರು.

"ಬರ್ರಿ ಪ್ರಭುದಾಸಪ್ಪ. ಒಬ್ಬನ್ನ ಕರಕೊಂಡು ಬರ್ರಿ ಅಂದಿದ್ದೆ. ಹನ್ನೊಂದು ಕುಟುಂಬ ಬಂದಾವ."

"ನಾನು ಯಾರನ್ನೂ ಕರದಿಲ್ರಿ" ಎಂದ ಪ್ರಭುದಾಸಪ್ಪ.

"ನೀವು ಕರೀಲಿಲ್ಲ, ಖರೆ. ನೀವು ಊರಾಗ ಇಲ್ಲ ಅಂತ ರಮಜಾನಬಿ ದಾನೇಲಗ ಹೇಳ್ಯಾಳ. ದಾನೇಲ ಎಲ್ಲಾರಿಗೂ ಹೇಳ್ಯಾನ." ಪಾಸ್ಟರು ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. "ಹೆಂಗರ ಇರ್ಲಿ, ನಿಮ್ಮಿಂದನ ಬಂದ್ರು. ಪದ್ಧತಿ ಪದ್ಧತಿ. ಮೊಣಕಾಲೂರ್ರಿ."

ಪ್ರಭುದಾಸಪ್ಪನಿಗೆ ಅರ್ಧ ಅವಮಾನ, ಅರ್ಧ ಆನಂದ. ಆನಂದದ ಅರ್ಧ ಸ್ವಲ್ಪ ದೊಡ್ಡದೇ ಇತ್ತು. ನೂರು ಜನರ ಮುಂದೆ ಮೊಣಕಾಲೂರಿದ. ಕಣ್ಣೊರೆಸಿಕೊಂಡು, "ಅದಕ್ಕಿಂತ ಮೊದಲು ನಾನೂ ಎರಡು ಮಾತು ಪ್ರಾರ್ಥನೆ..." ಎಂದ.

ಹಿಂದಿನವರು ಚಪ್ಪಲಿಗೆ ಕೈ ಹಾಕಿದರು. ಮೊಣಕಾಲು ನೋವಿನವರು ಅರ್ಧ ಎದ್ದೇ ಬಿಟ್ಟರು. ಲಿಂಗಸುಗೂರಿನ ಸಾಮುವೇಲಪ್ಪನವರು ಎಪ್ಪತ್ತು ದಾಟಿದ ಅನುಭವಸ್ಥರು. ಪುಟಿದು ಬಂದು ಪ್ರಭುದಾಸಪ್ಪನ ತಲೆಯ ಮೇಲೆ ಕೈ ಒತ್ತಿ, "ಕರ್ತನೇ, ಇವರನ್ನು ಹೊರಗಿನ ಸೇವೆಗೆ ಕಳುಹಿಸಿಕೊಡು" ಎಂದರು. ಆ ಗೋಡೆಗಳು ಅಷ್ಟು ಗಟ್ಟಿಯಾದ 'ಆಮೆನ್' ಅಂದಿನತನಕ ಕೇಳಿರಲಿಲ್ಲ.

ಹಿರಿಯ ಪ್ರಭುದಾಸಪ್ಪ ಎದ್ದು ನಿಂತ. ಅವನಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ.

"ಹೊರಗಿನ ಸೇವೆ ಅಂದ್ರ ಏನ್ರಿ?"

"ಪ್ರತಿ ಭಾನುವಾರ ಹತ್ತರಿಂದ ಒಂದೂವರಿತನಕ ಊರೂರು ತಿರಗಿ, ಬಿಟ್ಟು ಹೋದವರನ್ನ ಹುಡುಕೋದು" ಎಂದರು ಪಾಸ್ಟರು.

ಪ್ರಭುದಾಸಪ್ಪ ಸಭೆಯನ್ನು ಒಮ್ಮೆ ನೋಡಿದ. ಹೆಸರು ಹಿಡಿದು ಎಣಿಸಿದ. ಒಬ್ಬರೂ ತಪ್ಪಿರಲಿಲ್ಲ.

"ಎಲ್ಲಾರೂ ಬಂದಾರಲ್ರಿ. ಇನ್ನ ಯಾರನ್ನ ಹುಡುಕಲಿ?"

ಪಾಸ್ಟರೂ ಸಾಮುವೇಲಪ್ಪನವರೂ ಮುಖ ಮುಖ ನೋಡಿಕೊಂಡರು.

"ಯಾರನ್ನರ ಹುಡುಕ್ರಿ" ಎಂದರು ಸಾಮುವೇಲಪ್ಪನವರು. "ಹುಡುಕೋದು ಮಾತ್ರ ಬಿಡಬ್ಯಾಡ್ರಿ. ನೀವು ಬಿಟ್ರ ಇವರು ಮತ್ತ ಹೋಗ್ತಾರ."

ಅಷ್ಟರಲ್ಲಿ ದಾನೇಲ ಡೋಲಕ್ ಕೆಳಗಿಟ್ಟು ಎದ್ದು ಬಂದ. ಎಂಟು ತಿಂಗಳ ಮುನಿಸು ಅವನ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಪ್ರಭುದಾಸಪ್ಪನ ಕೆಸರು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅಣ್ಣ, ಬಸ್ಸಿನಾಗ ಹೈರಾಣ ಆಗಬ್ಯಾಡ. ಇನ್ನ ಮ್ಯಾಲ ನಿನ್ನ ಬಿಡೋದು ನನ್ನ ಜವಾಬ್ದಾರಿ. ಭಾನುವಾರ ಆರಕ್ಕ ನನ್ನ ಗಾಡ್ಯಾಗ ಕುಂದರಿಸಿಕೊಂಡು ಸೀದಾ ಮುಕ್ಕುಂದಕ್ಕ ಬಿಟ್ಟು ಬರ್ತೀನಿ."

ಪ್ರಭುದಾಸಪ್ಪನ ಕಣ್ಣು ಮತ್ತೆ ತುಂಬಿ ಬಂತು. "ವಾಪಸ್ ಕರಕೊಂಡು ಬರಾಕ ಎಷ್ಟೊತ್ತಿಗಿ ಬರ್ತಿ, ದಾನೇಲ?"

"ನಮ್ಮ ಊಟ ಮುಗಿದ ಮ್ಯಾಲ, ಅಣ್ಣ" ಎಂದ ದಾನೇಲ.