ಚಂದ್ರದೇವಿಯ ಗಂಡ

ಬೇರೆಯವರ ಮಾನ ಹೋಗಬೇಕಾದರೆ ಏನಾದರೂ ದೊಡ್ಡ ಎಡವಟ್ಟು ಆಗಬೇಕು. ನನಗೆ ಅಷ್ಟೆಲ್ಲ ಕಷ್ಟ ಇಲ್ಲ, ಬಾಯಿ ತೆರೆದರೆ ಸಾಕು. ಊರಲ್ಲಿ ಇದ್ದಾಗಲೂ ಹೀಗೇ, ಬಹ್ರೇನಿಗೆ ಬಂದ ಮೇಲೂ ಹೀಗೇ. ಆದರೆ ಈ ವರ್ಷ ನನ್ನ ಮಾನದ ಜೊತೆಗೆ ಹೆಂಡತಿಯ ಮಾನವನ್ನೂ ಎಳೆದುಕೊಂಡು ಹೊರಟಿದ್ದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಚಂದಮಾಮನಿಗೆ ಸೀರೆ

ನನ್ನ ಹೆಂಡತಿ ಈಸಾ ಟೌನಿನ ಒಂದು ಶಾಲೆಯಲ್ಲಿ ಟೀಚರ್. ಇಲ್ಲಿ ನಮ್ಮ ಕರಾವಳಿಯವರದ್ದೇ ಒಂದು ಸಣ್ಣ ಕೂಟ ಉಂಟು. ವರ್ಷಕ್ಕೊಂದು ನಾಟಕ ಆಡುತ್ತೇವೆ. ಅದರಲ್ಲಿ ಇವಳಿಗೆ ಯಾವಾಗಲೂ ಒಂದೇ ಕೆಲಸ: ಪರದೆಯ ಹಿಂದೆ ನಿಂತು, ಮಾತು ಮರೆತವರಿಗೆ ಮೆಲ್ಲ ಹೇಳಿಕೊಡುವುದು. ಎಷ್ಟೋ ನಾಟಕ ಹೀಗೇ ಆಯಿತು. ಈ ಸಲ ಅವಳೇ ಒಂದು ನಾಟಕ ಬರೆದಳು. ಗ್ರೀಕರ ಚಂದ್ರದೇವಿ ಸೆಲೀನೆಯ ಕಥೆ. ದೇವಿಯ ಪಾತ್ರ ಅವಳದ್ದೇ.

ಕೂಟದ ಸಭೆಯಲ್ಲಿ ಅವಳು ಅದನ್ನು ಓದಿ ಮುಗಿಸಿದಳು. ಎಲ್ಲರೂ ಸುಮ್ಮನೆ ಕೂತಿದ್ದರು. ನಾನಾದರೂ ಸುಮ್ಮನಿರಬೇಡವೇ? "ಅಲ್ಲ ಮಾರಾಯ್ತಿ, ಚಂದ್ರ ಗಂಡಸಲ್ವಾ? ನಮ್ಮ ಚಂದಮಾಮನಿಗೆ ಸೀರೆ ಉಡಿಸಿ ಚಂದಮಾಮಿ ಮಾಡ್ತೀಯಾ?" ಅಂದುಬಿಟ್ಟೆ.

ಸಭೆಗೆ ಸಭೆಯೇ ನಕ್ಕಿತು. ಅವಳ ಮುಖ ಸಣ್ಣದಾಯಿತು. ಆಗ ನನಗೆ ನಾಚಿಕೆಯಾಯಿತು. ಆದರೆ ನನ್ನ ನಾಚಿಕೆ ಯಾವಾಗಲೂ ಮಾತು ಮುಗಿದ ಮೇಲೆಯೇ ಬರುವುದು.

ಅವಳು ನಿಧಾನಕ್ಕೆ ಕನ್ನಡಕ ತೆಗೆದಳು. "ಗ್ರೀಕರಿಗೆ ಚಂದ್ರ ಹೆಣ್ಣು, ಹೆಸರು ಸೆಲೀನೆ. ರೋಮಿನವರಿಗೂ ಹೆಣ್ಣೇ, ಬೇಟೆಯ ದೇವಿ ಡಯಾನಾಳಲ್ಲೂ ಅವರು ಚಂದ್ರನನ್ನೇ ಕಂಡರು. ಇನ್ನು ನಮ್ಮ ಚಂದ್ರ! ಇಪ್ಪತ್ತೇಳು ಹೆಂಡಿರನ್ನು ಕಟ್ಟಿಕೊಂಡು, ಒಬ್ಬಳ ಮನೆಯಲ್ಲೇ ಕೂತು, ಹೆಣ್ಣು ಕೊಟ್ಟ ಮಾವನಿಂದ ಶಾಪ ತಿಂದ ಗಂಡಸು. ಸ್ವಲ್ಪ ದಿನ ಸೀರೆ ಉಟ್ಟುಕೊಳ್ಳಲಿ ಬಿಡಿ, ಬುದ್ಧಿಯಾದರೂ ಬಂದೀತು!"

ನಾಟಕ ಅಲ್ಲೇ ಪಾಸಾಯಿತು.

ತಲೆಯ ಮೇಲಿನ ಚಂದ್ರ

ತಪ್ಪು ತೀರಿಸಿಕೊಳ್ಳೋಣ ಅಂತ, ದೇವಿಯ ತಲೆಗೆ ಕಟ್ಟುವ ಅರ್ಧಚಂದ್ರ ತರುವ ಕೆಲಸ ನಾನೇ ವಹಿಸಿಕೊಂಡೆ. ಮನಾಮಾದ ಹಳೇ ಸೂಕ್ ಪೇಟೆಯಲ್ಲಿ ಒಂದು ಅಂಗಡಿ. ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿತ್ತು ನೋಡಿ, ಎಂಥ ಚಂದದ ಚಂದ್ರ! ಸ್ವಿಚ್ ಒತ್ತಿದರೆ ಸುತ್ತ ಲೈಟು. ನಡುವೆ ಬಂಗಾರದ ಬಣ್ಣದ ಬಳ್ಳಿಯ ಚಿತ್ತಾರ. ಅರ್ಧ ರೇಟಿಗೇ ಕೊಟ್ಟ. ಯಾಕೆ ಅರ್ಧ ರೇಟು ಅಂತ ಯೋಚಿಸುವ ಬುದ್ಧಿ ನನಗೆಲ್ಲಿ?

ನಾವಿರುವುದು ಬುದಯ್ಯದಲ್ಲಿ. ಮನೆ ಯಜಮಾನರು ವಯಸ್ಸಾದ ಬಹ್ರೇನಿ, ಪಕ್ಕದಲ್ಲೇ ಅವರ ಮನೆ. ಗೇಟಿನ ಹತ್ತಿರ ಚಂದ್ರನನ್ನು ಹೊತ್ತಿಸಿ ಪರೀಕ್ಷೆ ಮಾಡುತ್ತಿದ್ದೆ. ಅವರು ನೋಡಿ ನಗುತ್ತಾ, "ರಮದಾನ್ ಕರೀಮ್!" ಅಂದರು. ನಾನೂ ಬಾಯಿಪಾಠದಂತೆ "ಅಲ್ಲಾಹು ಅಕ್ರಮ್!" ಅಂದೆ. ಆಮೇಲೆ ಯೋಚನೆ ಬಂತು, ರಂಜಾನ್ ಮುಗಿದು ಎಷ್ಟು ಕಾಲ ಆಯಿತು, ಈಗೆಂಥ ಶುಭಾಶಯ?

ಅವರು ಚಿತ್ತಾರದ ಮೇಲೆ ಬೆರಳಿಟ್ಟು, ಮಗುವಿಗೆ ಅಕ್ಷರ ಕಲಿಸುವ ಹಾಗೆ ಓದಿ ತೋರಿಸಿದರು. ಅದು ಬಳ್ಳಿಯಲ್ಲ ಮಾರ್ರೆ, ಅರಬ್ಬಿಯಲ್ಲಿ ಬರೆದ ‘ರಮದಾನ್ ಕರೀಮ್’! ಹಬ್ಬ ಮುಗಿದ ಮೇಲೆ ಉಳಿದ ಸಾಮಾನು. ಇಷ್ಟು ವರ್ಷ ಈ ದೇಶದ ಅನ್ನ ತಿಂದೂ ಇಲ್ಲಿನ ಎರಡಕ್ಷರ ಓದಲು ಬಾರದಲ್ಲ ಅಂತ ತಲೆ ತಗ್ಗಿಸಿ ನಿಂತೆ.

"ಯಾರಿಗೆ ಇದು?" ಅಂತ ಹಿಂದಿಯಲ್ಲಿ ಕೇಳಿದರು.

"ನನ್ನ ಹೆಂಡತಿಗೆ, ತಲೆಗೆ ಕಟ್ಟಲಿಕ್ಕೆ. ಅವಳು ಚಂದ್ರ," ಅಂದೆ, ಹೇಗೆ ಬಿಡಿಸಿ ಹೇಳುವುದೋ ಗೊತ್ತಾಗದೆ.

ಅವರು ಒಳಗಿಂದ ಸ್ಕ್ರೂಡ್ರೈವರ್ ತಂದು, ಅಕ್ಷರಗಳನ್ನು ಮುರಿಯದ ಹಾಗೆ ಬಿಚ್ಚಿ, ಜೋಪಾನವಾಗಿ ನನ್ನ ಕೈಗಿಟ್ಟರು. "ನಮ್ಮಲ್ಲೂ ಪ್ರೀತಿಯ ಹೆಂಡತಿಯನ್ನು ಚಂದ್ರ ಅಂತಲೇ ಕರೀತಾರೆ. ಆದರೆ ಅವಳ ತಲೆಗೆ ಲೈಟು ಕಟ್ಟುವ ಗಂಡನನ್ನು ಇವತ್ತೇ ನೋಡಿದ್ದು!"

ಬಾಯಿ ಇಲ್ಲದ ಪಾತ್ರ

ಸೆಲೀನೆಯ ಕಥೆ ಇಷ್ಟೇ. ಅವಳು ಎಂಡಿಮಿಯನ್ ಎಂಬ ಚೆಲುವ ಕುರುಬನಿಗೆ ಮನಸೋಲುತ್ತಾಳೆ. ಅವನಿಗೆ ಮುಪ್ಪು ಬಾರದಿರಲಿ, ಅವನು ಹೀಗೇ ಮಲಗಿರಲಿ ಅಂತ ದೇವತೆಗಳ ಒಡೆಯನನ್ನು ಬೇಡುತ್ತಾಳೆ. ಕುರುಬ ನಿದ್ದೆಯಲ್ಲೇ ಇರುತ್ತಾನೆ, ಇವಳು ಆಕಾಶದಿಂದ ಇಳಿದು ಬಂದು ನೋಡಿ ಹೋಗುತ್ತಾಳೆ.

ಆ ಕುರುಬ ನಾನು. ಚೆಲುವಿಗಾಗಿ ಅಲ್ಲ. ಹಿಂದಿನ ನಾಟಕಗಳಲ್ಲಿ ನಾನು ಬಾಯಿ ತೆರೆದಾಗಲೆಲ್ಲ ಅನಾಹುತ ಆಗಿತ್ತು. ಒಮ್ಮೆ ಸತ್ತು ಬಿದ್ದ ಮೇಲೂ "ಪರದೆ ಎಳೀರಿ ಮಾರ್ರೆ" ಅಂದಿದ್ದೆ.

ನಾಟಕದ ಹಿಂದಿನ ದಿನ ಹೆಂಡತಿ ನನ್ನ ಎದುರು ಬಂದು ಕೂತಳು. "ಇಷ್ಟು ವರ್ಷ ಕತ್ತಲಲ್ಲಿ ನಿಂತು ಬೇರೆಯವರ ಮಾತು ಹೇಳಿಕೊಟ್ಟೆ. ನನ್ನ ಮಾತು ನಾನೇ ಹೇಳುವುದು ಇದೇ ಮೊದಲು. ನಿಮ್ಮ ದಮ್ಮಯ್ಯ, ಹಾಳು ಮಾಡ್ಬೇಡಿ. ಸುಮ್ಮನೆ ಮಲಗಿ, ಸಾಕು."

"ಮಲಗುವುದು ತಾನೆ? ಅದರಲ್ಲಿ ನನ್ನನ್ನು ಮೀರಿಸುವವರು ಯಾರುಂಟು?" ಅಂದೆ.

ಐದು ನಿಮಿಷ

ನಾಟಕದ ದಿನ ಶುಕ್ರವಾರ, ರಜೆ. ಮಧ್ಯಾಹ್ನ ಕೋರಿರೊಟ್ಟಿ ಗಡದ್ದಾಗಿ ಹೊಡೆದಿದ್ದೆ. ಸಂಜೆ ವೇದಿಕೆಯ ಮೇಲೆ ಮೆತ್ತನೆ ಹಾಸು, ತಣ್ಣನೆ ಏಸಿ, ನೀಲಿ ಬೆಳಕು. ನಟನೆಯ ನಿದ್ದೆ ಯಾವಾಗ ನಿಜವಾದ ನಿದ್ದೆ ಆಯಿತೋ, ದೇವರಾಣೆ ಗೊತ್ತಿಲ್ಲ.

ದೇವಿ ಇಳಿದು ಬಂದಳಂತೆ. ಹಾಲ್ ಪೂರ್ತಿ ನಿಶ್ಶಬ್ದ. ನನ್ನ ಹಣೆಯ ಮೇಲೆ ಕೈಯಿಟ್ಟು, "ನನ್ನ ಚೆಲುವಾ, ನಿನಗಾಗಿಯೇ ಆಕಾಶ ಬಿಟ್ಟು ಬಂದೆ" ಅಂದಳಂತೆ. ನನಗೆ ಗೊತ್ತಾದದ್ದು ಆ ಕೈ ಮಾತ್ರ. ದಿನಾ ಬೆಳಿಗ್ಗೆ ನನ್ನನ್ನು ಎಬ್ಬಿಸುವ ಅದೇ ಕೈ.

"ಐದು ನಿಮಿಷ ಮಾರಾಯ್ತಿ," ಅಂದೆ. "ನಿನ್ನ ಶಾಲೆ ಬಸ್ಸು ಬರ್ಲಿಕ್ಕೆ ಇನ್ನೂ ಟೈಮುಂಟು."

ಮೈಕು ತಲೆಯ ಮೇಲೆಯೇ ತೂಗುತ್ತಿತ್ತು. ಹಾಲ್ ಹಾರಿಹೋಗುವ ಹಾಗೆ ನಗು. ಆ ಸದ್ದಿಗೆ ಎಚ್ಚರಾಯಿತು. ಎಲ್ಲಿದ್ದೇನೆ ಅಂತ ಗೊತ್ತಾದದ್ದೇ, ಈ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಮುಗಿಯಿತು, ಅವಳ ಒಂದೇ ಒಂದು ದಿನವನ್ನೂ ಹಾಳು ಮಾಡಿದೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ.

ಅವಳು ಗಡಿಬಿಡಿ ಮಾಡಲಿಲ್ಲ. ನಗು ಇಳಿಯುವವರೆಗೆ ಕಾದಳು. ಆಮೇಲೆ ಎರಡೂ ಕೈ ಮೇಲೆತ್ತಿ, ದೇವಿಯ ಗತ್ತಿನಲ್ಲೇ ಹೇಳಿದಳು: "ಓ ದೇವತೆಗಳ ಒಡೆಯಾ, ಕೇಳಿಸಿತೇ? ಇದಕ್ಕಾಗಿಯೇ ನಾನು ಇವನಿಗೆ ಎಚ್ಚರವಾಗದ ನಿದ್ದೆ ಬೇಡಿದ್ದು!"

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹೆಂಗಸರ ಸಾಲಿನಿಂದಂತೂ ಸಿಳ್ಳೆ!

ಮನೆಗೆ ಹೋಗುವಾಗ ಕಾರು ಅವಳೇ ಓಡಿಸಿದಳು. ತಲೆಯ ಮೇಲೆ ಚಂದ್ರ ಇನ್ನೂ ಉರಿಯುತ್ತಿತ್ತು. ನಾನು ತಪ್ಪಾಯ್ತು ಮಾರಾಯ್ತಿ, ತಪ್ಪಾಯ್ತು ಅನ್ನುತ್ತಲೇ ಇದ್ದೆ. ಕೊನೆಗೆ ತಡೆಯಲಾರದೆ ಕೇಳಿದೆ, "ಅಷ್ಟು ಒಳ್ಳೆ ಮಾತು ಆ ಕ್ಷಣಕ್ಕೆ ಹೇಗೆ ಹೊಳೆಯಿತು ನಿಂಗೆ?"

"ಹೊಳೆಯುವುದು ಎಂಥದ್ದು?" ಅಂದಳು ರಸ್ತೆ ನೋಡುತ್ತಾ. "ನಾಟಕ ಬರೆದ ದಿನವೇ ಬಾಯಿಪಾಠ ಮಾಡಿಟ್ಟಿದ್ದೆ. ನೀವು ಬಾಯಿ ತೆರೀದೇ ಇದ್ದಿದ್ರೇ ನಂಗೆ ಕಷ್ಟ ಆಗ್ತಿತ್ತು."